ಲಾಸ್ಟ್ ಬೆಲ್ ಆದ ಮೇಲೆ

ಶಾಲೆ ಬಿಟ್ಟ ಮೇಲೂ ಮಕ್ಕಳಿಗೊಂದು ಜಾಗ ಬೇಕು ಅನ್ನೋದು ನಮ್ಮ ಅಪಾರ್ಟ್‌ಮೆಂಟ್‌ಗಳು ಕಂಡುಹಿಡಿದದ್ದಲ್ಲ. 1938ರಲ್ಲೇ 'ಸರಸ್ವತಿ' ಪತ್ರಿಕೆಯ ಆರ್. ಕಲ್ಯಾಣಮ್ಮ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ್ದರು.

ಆದರೆ ಅದು ಪೇಟೆ. ಮಕ್ಕಳು ನಡೆದು ಬರಬಹುದಿತ್ತು. ನಮ್ಮ ಮಲೆನಾಡಿನಲ್ಲಿ ತೋಟಕ್ಕೊಂದು ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರು ಹೊನ್ನೆಮರಡಿನವರೆಗೂ ಹರಡಿದ ಮೇಲೆ ಪಕ್ಕದೂರೂ ದೂರವಾಯ್ತು. ತುಮರಿ ಕಡೆಯವರಿಗೆ ಸಂಜೆ ಲಾಂಚ್ ತಪ್ಪಿದರೆ ಸಾಗರಕ್ಕೆ ಸುತ್ತುದಾರಿಯೇ ಗತಿ. ಸೇತುವೆ ಬಂದದ್ದು 2025ರಲ್ಲಿ! ಇಂಥ ಕಡೆ 'ಆಫ್ಟರ್ ಸ್ಕೂಲ್' ಅಂದ್ರೆ ಕೊಟ್ಟಿಗೆ ಕೆಲಸ, ಸುಗ್ಗಿಯಲ್ಲಿ ಅಡಿಕೆ.

ಹಳ್ಳಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ನವೆಂಬರಿನಲ್ಲಿ, ಕೋವಿಡ್‌ನಿಂದ ತರಗತಿಗಳು ಮುಚ್ಚಿದ್ದಾಗ, 'ಓದುವ ಬೆಳಕು' ಯೋಜನೆ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಸರ್ಕಾರಿ ಯೋಜನೆಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದೊಂದು. ಕತೆ ಪುಸ್ತಕ, ಚೆಸ್ ಬೋರ್ಡು, ಜೊತೆಗೆ ಕೂರೋಕೆ ಗೆಳತಿಯರು: ಟ್ಯೂಷನ್ ಕೊಡದ್ದನ್ನ ಇವು ಕೊಡ್ತವೆ.

ಆದರೆ ಪಂಚಾಯ್ತಿ ಊರಿಗೇ ಕಾಡುದಾರಿಯಲ್ಲಿ ನಡೆದು ಬರೋ ಹುಡುಗಿ ಕತ್ತಲಾಗೋದರೊಳಗೆ ಮನೆ ಸೇರಬೇಕಲ್ಲ? ನಮ್ಮಂಥ ಕಂಪನಿಗಳ ಸಿಎಸ್‌ಆರ್ ತಂಡಗಳು ಟ್ಯಾಬ್ ಹಂಚೋಕೆ ರೆಡಿ. ಸಂಜೆ ಒಂದು ವ್ಯಾನ್ ಕೊಡಿ ಅಂತ ನಾನು ಕೇಳಿದರೆ, ಅದಕ್ಕೆ ಬಜೆಟ್‌ನಲ್ಲಿ ಕಾಲಂ ಇಲ್ವಂತೆ.