ನೆಲುವಿನ ಗಂಟಿನಿಂದ ಮ್ಯಾಕ್ರಮೆಯವರೆಗೆ

ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಹೇಳಿದಾಗ ನಮಗೆ ದಿಗಿಲಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿ ಗುದ್ದಲಿ ಹಿಡಿದವರು ನಾವು. ಸಾಲ, ವಸೂಲಿ, ಗೊಬ್ಬರದ ಲೆಕ್ಕವನ್ನು ಕಾರ್ಯದರ್ಶಿಯವರ ವರದಿಯಲ್ಲಿ ಓದುತ್ತೀರಿ. ನಾವು ಕಣ್ಣಾರೆ ಕಂಡ ಒಂದು ಸಣ್ಣ ಚರಿತ್ರೆಯನ್ನು, ಅಂದರೆ ಹಗ್ಗಕ್ಕೆ ಗಂಟು ಹಾಕುವ ವಿದ್ಯೆಯ ಕಥೆಯನ್ನು, ಇಲ್ಲಿ ಬರೆಯುತ್ತಿದ್ದೇವೆ.

ಗಂಟು ಅನ್ನುವುದು ನಮಗೆ ಹೊಸದಲ್ಲ. ಮದುವೆಗೆ ಮೂರು ಗಂಟು, ಜನಿವಾರಕ್ಕೆ ಬ್ರಹ್ಮಗಂಟು, ದನ ಕಟ್ಟಲು ಕುಣಿಕೆ, ಹೊರೆ ಬಿಗಿಯಲು ಜೀರುಗುಣಿಕೆ. ನಮ್ಮ ಹೆಣ್ಣುಮಕ್ಕಳು ಬಾಳೆನಾರಿನಲ್ಲಿ ಹೂ ಕಟ್ಟುವುದೂ ಗಂಟಿನ ವಿದ್ಯೆಯೇ. ಕೂಡಿಟ್ಟ ಹಣಕ್ಕೂ ಇಡುಗಂಟು ಅಂತಲೇ ಹೆಸರು. ದಕ್ಷಿಣ ಅಮೆರಿಕದ ಇಂಕಾ ಜನರು ಲೆಕ್ಕವನ್ನೇ ಹುರಿಗಳಲ್ಲಿ ಗಂಟು ಹಾಕಿ ಇಡುತ್ತಿದ್ದರಂತೆ. ಅದಕ್ಕೆ ಕ್ವಿಪು ಅನ್ನುತ್ತಿದ್ದರು. ಬಿಡಿ, ಹತ್ತು, ನೂರು ಎಲ್ಲಕ್ಕೂ ಹುರಿಯಲ್ಲಿ ಬೇರೆ ಬೇರೆ ಜಾಗ. ನಮ್ಮ ಕಾರ್ಯದರ್ಶಿಯವರು ಇದನ್ನು ಕೇಳಿ, "ಸದ್ಯ, ನಮಗೆ ಲೆಡ್ಜರ್ ಇದೆಯಲ್ಲ" ಎಂದು ನಕ್ಕರು.

ಹಳೇ ಮನೆಗಳ ಅಡುಗೆಮನೆಯಲ್ಲಿ ನೆಲುವು ತೂಗುತ್ತಿದ್ದುದನ್ನು ಹಿರಿಯರೆಲ್ಲ ಬಲ್ಲರು. ಬೆಕ್ಕು, ಇಲಿ, ಇರುವೆಗೆ ಸಿಗದಂತೆ ಹಾಲು ಮೊಸರಿನ ಗಡಿಗೆಯನ್ನು ಅದರಲ್ಲಿ ಇಡುತ್ತಿದ್ದರು. ಬಾಲಕೃಷ್ಣ ಬೆಣ್ಣೆ ಕದ್ದದ್ದೂ ನೆಲುವಿನಿಂದಲೇ ಅಲ್ಲವೇ! ಸಂಸ್ಕೃತದಲ್ಲಿ ಇದಕ್ಕೆ ಶಿಕ್ಯ ಎನ್ನುತ್ತಾರೆ, ಯಜ್ಞದ ಬೆಂಕಿಯ ಮಡಕೆಯನ್ನು ಶಿಕ್ಯದಲ್ಲಿಟ್ಟು ಹೊರುವ ವಿಚಾರ ಶತಪಥ ಬ್ರಾಹ್ಮಣದಲ್ಲೇ ಇದೆ ಎಂದು ನಿವೃತ್ತ ಮೇಷ್ಟರೊಬ್ಬರು ನಮಗೆ ತಿಳಿಸಿದರು. ನಮ್ಮ ಮಲೆನಾಡಿನಲ್ಲಿ ದಡಸಲು ಮರದ ತೊಗಟೆ, ಬಗನೆಯ ಕಪ್ಪು ನಾರು, ಪುಂಡಿ, ತೆಂಗಿನ ನಾರು ಎಲ್ಲವೂ ಹಗ್ಗಕ್ಕೆ ಆಗುತ್ತಿದ್ದವು. ಮಳೆಗಾಲದಲ್ಲಿ ಹೊರಗೆ ಕೆಲಸವಿಲ್ಲದಾಗ ಜಗುಲಿಯಲ್ಲಿ ಕೂತು ತೊಡೆಯ ಮೇಲೆ ನಾರು ಹೊಸೆಯುವುದೇ ಕೆಲಸ.

ಆಮೇಲೆ ನೈಲಾನ್ ಬಂತು. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಈ ವಸ್ತು, ನಾವು ಶಾಲೆಗೆ ಹೋಗುವ ಹೊತ್ತಿಗೆ ನಮ್ಮ ಕೊಟ್ಟಿಗೆಯವರೆಗೂ ಬಂದಿತ್ತು. ಅಗ್ಗ, ನೆನೆದರೂ ಕೊಳೆಯುವುದಿಲ್ಲ. ಬೈಯುವ ಹಾಗಿಲ್ಲ, ನಾವೂ ಕೊಂಡೆವು. ಆದರೆ ನಾರು ಹೊಸೆಯುವ ಕೈಗಳು ಸುಮ್ಮನಾದವು. ಮನೆಗೆ ಜಾಲರಿ ಬೀರು, ಫ್ರಿಡ್ಜ್ ಬಂದ ಮೇಲೆ ನೆಲುವು ಅಟ್ಟ ಸೇರಿತು.

ಈಗ ಮ್ಯಾಕ್ರಮೆ ವಿಚಾರ. ಹೆಸರು ಅರಬ್ಬಿ ಮೂಲದ್ದು. ಅರಬ್ ನೇಕಾರರು ಬಟ್ಟೆಯ ಅಂಚಿನಲ್ಲಿ ಉಳಿದ ಎಳೆಗಳನ್ನು ಕತ್ತರಿಸದೆ ಗಂಟು ಹಾಕಿ ಕುಚ್ಚು ಮಾಡುತ್ತಿದ್ದರು. ಅಲ್ಲಿಂದ ಅದು ಸ್ಪೇನ್, ಇಟಲಿಗೆ ಹೋಯಿತು. ಹಡಗಿನ ನಾವಿಕರೂ ಬಿಡುವಿನಲ್ಲಿ ಇದನ್ನೇ ಮಾಡಿ ಬಂದರುಗಳಲ್ಲಿ ಮಾರುತ್ತಿದ್ದರು. 1970ರ ದಶಕದಲ್ಲಿ ಹೂಕುಂಡ ತೂಗುಹಾಕುವ ಹಗ್ಗವಾಗಿ ಮತ್ತೆ ಪ್ರಪಂಚವೆಲ್ಲ ಹರಡಿತು. ನೋಡಿದರೆ ನಮ್ಮ ನೆಲುವೇ! ಗಡಿಗೆ ಹೋಗಿ ಹೂಕುಂಡ ಬಂತು, ಅಷ್ಟೇ ವ್ಯತ್ಯಾಸ.

ಹಳ್ಳಿಯವರಿಗೆ ಕೈಕಸುಬು ಕಲಿಸಲು ಸರ್ಕಾರ 1979ರಲ್ಲಿ ಟ್ರೈಸೆಮ್ ಯೋಜನೆ ತಂದಿತು, 1982ರಲ್ಲಿ ಮಹಿಳೆಯರಿಗಾಗಿ ಡ್ವಾಕ್ರಾ ಬಂತು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದವು. ನಮ್ಮ ಸಂಘವೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಹುಟ್ಟಿದ್ದು. ಈ ಗುಂಪಿನವರೇ 2017ರಲ್ಲಿ, "ಕಾಫಿ ಕೊಯ್ಲು ಮುಗಿದ ಮೇಲೆ ನಮಗೂ ಏನಾದರೂ ಕಲಿಸಿ" ಅಂತ ಕೇಳಿದರು. ಆಡಳಿತ ಮಂಡಳಿ ಒಪ್ಪಿ, ಚಿಕ್ಕಮಗಳೂರಿನಿಂದ ಒಬ್ಬ ಶಿಕ್ಷಕಿಯನ್ನು ಕರೆಸಿತು. ಗೊಬ್ಬರದ ಗೋದಾಮಿನಲ್ಲೇ ತರಗತಿ. ಇಪ್ಪತ್ತು ಜನ ಸೇರಿದರು.

ಮೊದಲು ಕೋಲಿಗೆ ಹುರಿ ಮಡಚಿ ಸಿಕ್ಕಿಸುವುದು. ನಂತರ ನಾಲ್ಕು ಹುರಿ ಹಿಡಿದು, ನಡುವಿನ ಎರಡನ್ನು ಬಿಗಿಯಾಗಿ ಬಿಟ್ಟು, ಹೊರಗಿನ ಎರಡರಿಂದ ಗಂಟು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಕಿದರೆ ಪಟ್ಟಿಯಂತೆ ಚಪ್ಪಟೆ. ಒಂದೇ ಕಡೆಯಿಂದ ಹಾಕುತ್ತಾ ಹೋದರೆ ಅದರಷ್ಟಕ್ಕೆ ತಿರುಚಿಕೊಂಡು ಬಳ್ಳಿಯಂತಾಗುತ್ತದೆ. ಎರಡನೇ ಸಾಲಿನಲ್ಲಿ ಪಕ್ಕದ ಹುರಿಗಳನ್ನು ಜೋಡಿ ಮಾಡಿಕೊಂಡರೆ ಬಲೆ. ಇಷ್ಟು ಕೈಗೆ ಕೂತರೆ ಅರ್ಧ ವಿದ್ಯೆ ಬಂದಂತೆ.

ಹುರಿಯನ್ನು ತಯಾರಾಗುವ ವಸ್ತುವಿನ ಎಂಟು ಪಟ್ಟು ಉದ್ದ ಕತ್ತರಿಸಬೇಕು, ಮಡಚಿದಾಗ ನಾಲ್ಕು ಪಟ್ಟು ಉಳಿಯುತ್ತದೆ ಎಂದು ಶಿಕ್ಷಕಿ ಹೇಳಿದ್ದರು. ಖರ್ಚು ಉಳಿಸೋಣ ಅಂತ ನಾವು ನಿರ್ದೇಶಕರು ನಾಲ್ಕು ಪಟ್ಟೇ ಕತ್ತರಿಸಿ ಕೊಟ್ಟೆವು. ಇಪ್ಪತ್ತೂ ಜನರದ್ದು ಅರ್ಧಕ್ಕೇ ನಿಂತಿತು. ಆ ಹುರಿಯೆಲ್ಲ ಕೊನೆಗೆ ಕರು ಕಟ್ಟಲು ಹೋಯಿತು. ನಗುವವರು ನಗಲಿ, ತಪ್ಪು ನಮ್ಮದೇ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನು ಹೇಳಲೆಂದೇ ಈ ಲೇಖನ. ತರಗತಿಗೆ ಸೇರುವವರು ಸಂಘದ ಸದಸ್ಯರಾಗಿರಬೇಕು, ಸಹಿ ಹಾಕಲು ಬರಬೇಕು ಎಂದು ನಾವು ಠರಾವು ಮಾಡಿದ್ದೆವು. ನಾವೇ ಕೈ ಎತ್ತಿದ್ದೆವು. ಒಂದು ದಿನ ನಮ್ಮ ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ನೆಲುವನ್ನು ತರಗತಿಗೆ ಒಯ್ದು ತೋರಿಸಿದೆವು. ತಳದ ಸಿಂಬಿಯ ಮೇಲಿನ ಸಾಲು ಶಿಕ್ಷಕಿ ಕಲಿಸಿದ ಗಂಟೇ ಆಗಿತ್ತು, ಎಲ್ಲರಿಗೂ ಆಶ್ಚರ್ಯ. ಆದರೆ ಅದರ ಮೇಲಿನ ಸಾಲು ಶಿಕ್ಷಕಿಗೂ ಬಿಡಿಸಲಾಗಲಿಲ್ಲ.

ಅಷ್ಟರಲ್ಲಿ ಕಿಟಕಿಯ ಹೊರಗಿಂದ ಒಂದು ದನಿ: "ಹಂಗಲ್ಲ ಮಗಾ, ಬಲಗಡೆ ದಾರಾನ ಎರಡು ಸುತ್ತು ಹಾಕ್ಬೇಕು." ನೋಡಿದರೆ ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಸಾಲು ನಿಂತಿದ್ದ, ಎಸ್ಟೇಟಿನ ಲೈನ್ ಮನೆಯ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು. ಒಳಗೆ ಬನ್ನಿ ಎಂದರೆ, "ನಾವು ಮೆಂಬರಲ್ಲ, ರುಜು ಬರಲ್ಲ, ಬಾಗ್ಲಲ್ಲೇ ಹೇಳಿದ್ರು" ಅಂದರು. ನಮಗೆ ತಲೆ ತಗ್ಗಿಸುವಂತಾಯಿತು. ನಮ್ಮ ಮನೆಯ ನೆಲುವನ್ನು ಹೆಣೆದುಕೊಟ್ಟಿದ್ದೇ ಆ ಅಜ್ಜಿಯ ತಾಯಿ ಎಂಬುದು ಆಮೇಲೆ ಅವರ ಬಾಯಿಂದಲೇ ತಿಳಿಯಿತು. ಒಂದು ಸೇರು ಅಕ್ಕಿಗೆ ಹೆಣೆದು ಕೊಟ್ಟಿದ್ದಂತೆ.

ಮುಂದಿನ ಸಭೆಯಲ್ಲೇ ಆ ಠರಾವು ರದ್ದು ಮಾಡಿದೆವು. ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ಒಂದು ಷೇರು ಬರೆದು ಸದಸ್ಯರನ್ನಾಗಿ ಮಾಡಿಕೊಂಡೆವು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಬಡ ರೈತನ ಕೈ ಹಿಡಿಯಲಿಕ್ಕೆ, ಬಾಗಿಲಲ್ಲಿ ತಡೆಯಲಿಕ್ಕಲ್ಲ ಎಂಬುದು ನಮಗೆ ಅವತ್ತು ಅರ್ಥವಾಯಿತು.

ಅಜ್ಜಿ ಹತ್ತೊಂಬತ್ತು ದಿನ ಬಂದು ಕೂತರು. ಕೈ ನಡುಗುತ್ತಿತ್ತು, ಆದರೆ ಗಂಟು ತಪ್ಪುತ್ತಿರಲಿಲ್ಲ. ಐದು ಜನ ಕಲಿತರು. ಇನ್ನೂ ಎರಡು ಬಗೆ ಇದೆ, ಮಳೆ ನಿಂತ ಮೇಲೆ ತೋರಿಸ್ತೀನಿ ಅಂದಿದ್ದರು. ಒಂದಲ್ಲ ಒಂದು ಕಾರಣಕ್ಕೆ ಮುಂದಕ್ಕೆ ಹೋಯಿತು. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿಯೇ ಬಂದ್ ಆಯಿತು, ಊರಿನವರಿಗೆಲ್ಲ ಅವರವರ ತೋಟ, ಮನೆಯದೇ ಚಿಂತೆ. ಮರುವರ್ಷ ಅಜ್ಜಿ ತೀರಿಕೊಂಡರು. ಆ ಎರಡು ಬಗೆ ಅವರ ಜೊತೆಗೇ ಹೋದವು.

ಉಳಿದ ಗಂಟಿಗೆ ಹೆಣ್ಣುಮಕ್ಕಳು ಅಜ್ಜಿಗಂಟು ಎಂದು ಹೆಸರಿಟ್ಟಿದ್ದಾರೆ. ಮೂಡಿಗೆರೆ, ಕಳಸ ಕಡೆಯ ಹೋಂಸ್ಟೇಗಳವರು ಹೂಕುಂಡದ ನೆಲುವು ಕೊಳ್ಳುತ್ತಾರೆ. ದೊಡ್ಡ ಲಾಭವೇನಿಲ್ಲ, ಮಕ್ಕಳ ಪುಸ್ತಕದ ಖರ್ಚು ನಡೆಯುತ್ತದೆ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಅಟ್ಟದಲ್ಲಿ ಹಳೇ ನೆಲುವು ಇದ್ದರೆ ಒಲೆಗೆ ಹಾಕಬೇಡಿ, ಸಂಘದ ಕಚೇರಿಗೆ ತನ್ನಿ. ಹೆಣೆಯಲು ಬರುವ ಹಿರಿಯರು ಯಾರ ಮನೆಯಲ್ಲಿದ್ದರೂ ತಿಳಿಸಿ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ. ಈ ಸಲ ಮಳೆ ನಿಲ್ಲಲಿ ಅಂತ ಕಾಯುವುದಿಲ್ಲ. ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು.