ದೇವಯಾನಿಯ ಬೆಳಕು, ತಾಳ್ಯದ ಗುಂಡುಗಲ್ಲು

ಕಾರ್ತಿಕದ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊಳಲ್ಕೆರೆಯ ಬೀದಿದೀಪಗಳನ್ನು ದಾಟಿ, ಅಡಿಕೆ ತೋಟಗಳಾಚೆಯ ಬಯಲಿನಲ್ಲಿ ರಾತ್ರಿ ಎಂಟು ಗಂಟೆಯ ಹೊತ್ತಿಗೆ ನಿಂತರೆ, ನೆತ್ತಿಯಿಂದ ಉತ್ತರಕ್ಕೆ ಸ್ವಲ್ಪ ಕೆಳಗೆ ಒಂದು ಮಸುಕು ಮಚ್ಚೆ ಕಾಣುತ್ತದೆ. ದೂರದರ್ಶಕ ಬೇಕಿಲ್ಲ, ಕಣ್ಣು ಕತ್ತಲೆಗೆ ಒಗ್ಗಿದರೆ ಸಾಕು. ಇಸ್ಫಹಾನಿನ ಖಗೋಳಜ್ಞ ಅಬ್ದುರ್ರಹ್ಮಾನ್ ಅಸ್ಸೂಫಿಯವರು ಕ್ರಿ.ಶ. 964ರಲ್ಲಿ ರಚಿಸಿದ ನಕ್ಷತ್ರಗಳ ಗ್ರಂಥದಲ್ಲಿ ಇದನ್ನು ಚಿಕ್ಕ ಮೋಡವೆಂದು ದಾಖಲಿಸಿದ್ದರು. ಇಂದು ನಾವು ಅದನ್ನು ದೇವಯಾನಿ ಗೆಲಾಕ್ಸಿ ಎನ್ನುತ್ತೇವೆ. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಅಂದರೆ ನಮ್ಮ ಕಣ್ಣಿಗೆ ಬೀಳುವ ಆ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷಗಳಾಗಿವೆ.

ಅದೇ ಆಕಾಶದಲ್ಲಿರುವ ಕೃತ್ತಿಕೆಯ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಅದರ ದೂರ ಸುಮಾರು 440 ಜ್ಯೋತಿರ್ವರ್ಷ. ಚಿತ್ರದುರ್ಗದಲ್ಲಿ ಪಾಳೆಯಗಾರರು ತಲೆಯೆತ್ತುತ್ತಿದ್ದ ಕಾಲದಲ್ಲಿ ಹೊರಟ ಬೆಳಕು ಈಗ ನಮ್ಮನ್ನು ತಲುಪುತ್ತಿದೆ, ಅಷ್ಟೆ. ತಕರಾರು ಹುಟ್ಟುವುದು ದೂರ ಆರು ಸಾವಿರ ಜ್ಯೋತಿರ್ವರ್ಷವನ್ನು ದಾಟಿದಾಗ. ಭೂಮಿ, ಆಕಾಶ, ಜೀವರಾಶಿ ಎಲ್ಲವೂ ಸೃಷ್ಟಿಯಾಗಿ ಆರರಿಂದ ಹತ್ತು ಸಾವಿರ ವರ್ಷ ಮಾತ್ರ ಆಗಿದೆ ಎನ್ನುವವರು ಇಂದಿಗೂ ಇದ್ದಾರೆ. ಮುಖ್ಯವಾಗಿ ಅಮೆರಿಕದ ಕೆಲವು ಪ್ರಾಟೆಸ್ಟೆಂಟ್ ಪಂಗಡಗಳ ಈ ನಂಬಿಕೆಯನ್ನು ಎಳೆಯ ಭೂಮಿಯ ವಾದ ಎಂದು ಕರೆಯೋಣ. ಜಗತ್ತಿಗೇ ಆರು ಸಾವಿರ ವರ್ಷವಾದರೆ, 25 ಲಕ್ಷ ವರ್ಷ ಪ್ರಯಾಣ ಮಾಡಬೇಕಾದ ಬೆಳಕು ಇಲ್ಲಿಗೆ ಬಂದದ್ದು ಹೇಗೆ? ಅವರ ವಿದ್ವಾಂಸರನ್ನೇ ಅತಿ ಹೆಚ್ಚು ಕಾಡಿದ ಪ್ರಶ್ನೆಗಳಲ್ಲಿ ಇದು ಒಂದು.

ಈ ಆರು ಸಾವಿರದ ಲೆಕ್ಕ ಬಂದದ್ದು ವಂಶಾವಳಿಗಳ ಕೂಡುವಿಕೆಯಿಂದ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ತಲೆಮಾರುಗಳ ವಯಸ್ಸನ್ನು ಕೂಡಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಎಂದು 1650ರಲ್ಲಿ ಪ್ರಕಟಿಸಿದರು. ಆಗಿನ ಕಾಲಕ್ಕೆ ಅದು ಶ್ರದ್ಧೆಯ, ಶ್ರಮದ ಕೆಲಸವೇ ಆಗಿತ್ತು. ಆದರೆ 26 ವರ್ಷಗಳಲ್ಲಿ, 1676ರಲ್ಲಿ, ಪ್ಯಾರಿಸ್‌ನಲ್ಲಿದ್ದ ಡೆನ್ಮಾರ್ಕಿನ ಓಲೆ ರೋಮರ್ ಗುರುಗ್ರಹದ ಉಪಗ್ರಹದ ಗ್ರಹಣಗಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಕಾಣುವುದನ್ನು ಗಮನಿಸಿ ಬೆಳಕಿಗೂ ಪ್ರಯಾಣದ ಸಮಯ ಬೇಕೆಂದು ತೋರಿಸಿದರು. ಬೆಳಕಿನ ಚಲನೆ ಕಾಲದೊಳಗೇ ನಡೆಯುತ್ತದೆ ಎಂದು ಅದಕ್ಕೂ ಆರು ಶತಮಾನ ಮೊದಲೇ ಇಬ್ನುಲ್ ಹೈಸಮ್ ತಮ್ಮ ದೃಗ್ವಿಜ್ಞಾನ ಗ್ರಂಥದಲ್ಲಿ ವಾದಿಸಿದ್ದರು. ಅಳೆಯುವ ಉಪಾಯ ಅವರ ಬಳಿ ಇರಲಿಲ್ಲ. 1802ರ ವೇಳೆಗೆ ವಿಲಿಯಂ ಹರ್ಷೆಲ್, ತಾವು ಕಾಣುವ ಅತಿ ದೂರದ ನೀಹಾರಿಕೆಗಳ ಬೆಳಕು ಸುಮಾರು 20 ಲಕ್ಷ ವರ್ಷ ಹಿಂದೆ ಹೊರಟದ್ದೆಂದು ಬರೆದರು. ಡಾರ್ವಿನ್ ಆಗಿನ್ನೂ ಹುಟ್ಟಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಎಳೆಯ ಭೂಮಿಯ ಲೆಕ್ಕವನ್ನು ಕೆಡಿಸಿದ್ದು ವಿಕಾಸವಾದ ಎಂಬ ಮಾತು ಈ ಕಾರಣಕ್ಕೇ ಸರಿಯಲ್ಲ.

ನಮ್ಮ ಪರಂಪರೆಯಲ್ಲೂ ಇಂತಹ ಕೂಡುವ ಲೆಕ್ಕ ಇತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ಕುರ್‌ಆನ್ ಭೂಮಿಗೆ ಇಷ್ಟು ವರ್ಷವೆಂದು ಎಲ್ಲೂ ಹೇಳುವುದಿಲ್ಲ. ದಿನ ಎಂಬ ಪದವನ್ನೇ ಅದು ಒಂದೆಡೆ ಸಾವಿರ ವರ್ಷಕ್ಕೂ ಇನ್ನೊಂದೆಡೆ ಐವತ್ತು ಸಾವಿರ ವರ್ಷಕ್ಕೂ ಹೋಲಿಸುತ್ತದೆ. ಆದರೂ ಇತಿಹಾಸಕಾರ ತಬರಿ (ಮರಣ 923) ತಮ್ಮ ಮಹಾಗ್ರಂಥದ ಆರಂಭದಲ್ಲಿ ಜಗತ್ತಿನ ಒಟ್ಟು ಆಯುಸ್ಸು ಏಳು ಸಾವಿರ ವರ್ಷ ಎಂಬ ವರದಿಗಳನ್ನು ಚರ್ಚಿಸಿ ಅದರತ್ತ ಒಲವು ತೋರಿದರು. ಇಸ್ಲಾಮಿನ ನಂತರ ಜಗತ್ತಿಗೆ ಉಳಿದದ್ದು ಐನೂರು ವರ್ಷ ಎಂಬ ಮಾತು ಆ ಲೆಕ್ಕದಿಂದಲೇ ಹುಟ್ಟಿತು. ಐನೂರು ಕಳೆಯಿತು, ಜಗತ್ತು ಉಳಿಯಿತು. 1377ರಲ್ಲಿ ಮುಕದ್ದಿಮಾ ಬರೆದ ಇಬ್ನ್ ಖಲ್ದೂನ್ ಈ ಲೆಕ್ಕವನ್ನು ಪ್ರಸ್ತಾಪಿಸಿ, ಕಾಲವೇ ಅದನ್ನು ಸುಳ್ಳಾಗಿಸಿತು ಎಂಬ ಅರ್ಥದಲ್ಲಿ ಬರೆದು ಮುಂದೆ ಸಾಗಿದರು. ಯಾರೂ ಅವರನ್ನು ಧರ್ಮವಿರೋಧಿ ಎನ್ನಲಿಲ್ಲ. ತಬರಿಯವರ ಗೌರವಕ್ಕೂ ಕುಂದು ಬರಲಿಲ್ಲ. ನಮ್ಮ ನಾಡಿನಲ್ಲಿ ವರ್ಷ ಎಣಿಸುವ ಕ್ರಮ ಬೇರೆಯೇ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಶಕವರ್ಷ 556ರ ಜೊತೆಗೆ ಭಾರತ ಯುದ್ಧದಿಂದ 3735 ವರ್ಷ ಎಂದೂ ಲೆಕ್ಕ ಕೊಡುತ್ತಾನೆ. ಪುರಾಣಗಳ ಕಲ್ಪವಾದರೋ 432 ಕೋಟಿ ವರ್ಷ. ಸಂಖ್ಯೆ ದೊಡ್ಡದೆಂದು ಬೀಗಬೇಕಿಲ್ಲ, ಅದೂ ಅಳೆದು ಪಡೆದದ್ದಲ್ಲ.

ಎಳೆಯ ಭೂಮಿಯವರು ಬೆಳಕಿನ ಪ್ರಶ್ನೆಗೆ ಕೊಟ್ಟ ಉತ್ತರಗಳು ಹಲವು. 1857ರಲ್ಲಿ ಇಂಗ್ಲೆಂಡಿನ ಫಿಲಿಪ್ ಗಾಸ್, ದೇವರು ಜಗತ್ತನ್ನು ಹಳೆಯದರಂತೆ ಕಾಣುವ ಹಾಗೆಯೇ ಸೃಷ್ಟಿಸಿದ ಎಂದರು. ತಾಯಿಯಿಲ್ಲದ ಆದಮನಿಗೂ ಹೊಕ್ಕುಳು ಇದ್ದಂತೆ, ಮರಕ್ಕೆ ವಾರ್ಷಿಕ ಉಂಗುರಗಳು, ಬಂಡೆಗೆ ಪಳೆಯುಳಿಕೆಗಳು. 1961ರಲ್ಲಿ ವಿಟ್‌ಕೋಂಬ್ ಮತ್ತು ಹೆನ್ರಿ ಮಾರಿಸ್ ಪ್ರಳಯದ ಕುರಿತ ತಮ್ಮ ಪುಸ್ತಕದಲ್ಲಿ ಇದನ್ನೇ ಬೆಳಕಿಗೆ ಅನ್ವಯಿಸಿದರು: ನಕ್ಷತ್ರದ ಜೊತೆಗೆ, ಅಲ್ಲಿಂದ ಭೂಮಿಯವರೆಗಿನ ಕಿರಣವೂ ಒಟ್ಟಿಗೇ ಸೃಷ್ಟಿಯಾಯಿತು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಸೆಟರ್‌ಫೀಲ್ಡ್, ಹಿಂದೆ ಬೆಳಕಿನ ವೇಗ ಅಪಾರವಾಗಿದ್ದು ಬರಬರುತ್ತ ಕುಸಿಯಿತು ಎಂದರು. 1994ರಲ್ಲಿ ರಸಲ್ ಹಂಫ್ರೀಸ್, ಗುರುತ್ವದಿಂದ ಭೂಮಿಯ ಗಡಿಯಾರ ನಿಧಾನವಾಗಿ, ದೂರದಲ್ಲಿ ಕೋಟ್ಯಂತರ ವರ್ಷ ಕಳೆಯಿತು ಎಂದರು. ಇದಕ್ಕೂ ಹಿಂದಿನದಕ್ಕೂ ಅವರ ಬಳಗದವರಿಂದಲೇ ಆಕ್ಷೇಪ ಬಂತು.

ಈ ವಾದಗಳಿಗೆ ಒಂದು ಪರೀಕ್ಷೆ ತಾನಾಗಿ ಒದಗಿದ್ದು 1987ರ ಫೆಬ್ರವರಿಯಲ್ಲಿ. ದಕ್ಷಿಣ ಆಕಾಶದ ದೊಡ್ಡ ಮೆಗಲಾನಿಕ್ ಮೋಡದಲ್ಲಿ ಒಂದು ನಕ್ಷತ್ರ ಸಿಡಿದುದು ಕಾಣಿಸಿತು. ಅದರ ಸುತ್ತ ಮೊದಲೇ ಇದ್ದ ಅನಿಲದ ಉಂಗುರವನ್ನು ಸ್ಫೋಟದ ಬೆಳಕು ತಿಂಗಳುಗಳ ನಂತರ ಮುಟ್ಟಿ ಬೆಳಗಿಸಿತು. ಆ ವಿಳಂಬದಿಂದ ಉಂಗುರದ ನಿಜವಾದ ಅಗಲ ಸಿಕ್ಕಿತು; ಆಕಾಶದಲ್ಲಿ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ಹಬಲ್ ದೂರದರ್ಶಕ ಅಳೆಯಿತು. ಎರಡೂ ಗೊತ್ತಾದರೆ ದೂರ ತೆಗೆಯಲು ಶಾಲೆಯ ತ್ರಿಕೋನಮಿತಿ ಸಾಕು: ಸುಮಾರು 1,68,000 ಜ್ಯೋತಿರ್ವರ್ಷ. ಸಿಡಿದ ನಕ್ಷತ್ರದಲ್ಲಿ ಹುಟ್ಟಿದ ಕೋಬಾಲ್ಟ್-56 ಎಂಬ ವಿಕಿರಣಶೀಲ ಧಾತುವಿನ ಕಾವಿನಿಂದ ಅದು ಬೆಳಗುತ್ತಿತ್ತು. ಪ್ರಯೋಗಶಾಲೆಯಲ್ಲಿ ಆ ಧಾತು 77 ದಿನಕ್ಕೆ ಅರ್ಧವಾಗುತ್ತದೆ. ನಕ್ಷತ್ರದ ಬೆಳಕೂ ಅದೇ ಲೆಕ್ಕದಲ್ಲಿ ಕಂದುತ್ತ ಹೋಯಿತು. ಬೆಳಕಿನ ವೇಗ ಹಿಂದೆ ಹೆಚ್ಚಿದ್ದು ಈಗ ತಗ್ಗಿದ್ದರೆ, ಅಲ್ಲಿನ ಘಟನೆ ನಮಗೆ ನಿಧಾನಗತಿಯ ಸಿನಿಮಾದಂತೆ ಕಾಣಬೇಕಿತ್ತು. ಹಾಗೆ ಕಾಣಲಿಲ್ಲ.

ಇನ್ನು ದಾರಿಯಲ್ಲೇ ಸೃಷ್ಟಿಯಾದ ಕಿರಣ. ಅದನ್ನು ಒಪ್ಪಿದರೆ ಆ ನಕ್ಷತ್ರ ಸಿಡಿಯಲೇ ಇಲ್ಲ, ಸಿಡಿದಂತಹ ಚಿತ್ರವನ್ನಷ್ಟೇ ಕಿರಣದಲ್ಲಿ ಬರೆದು ನಮ್ಮತ್ತ ಕಳುಹಿಸಲಾಗಿದೆ ಎನ್ನಬೇಕಾಗುತ್ತದೆ. ನಡೆಯದ ಘಟನೆಯ ಸಾಕ್ಷ್ಯ! ಇದನ್ನು ವಿಜ್ಞಾನ ತಳ್ಳಿಹಾಕಲಾರದು, ಏಕೆಂದರೆ ಇದನ್ನು ಪರೀಕ್ಷಿಸಲಾಗದು. ತಳ್ಳಿಹಾಕಬೇಕಾದವರು ದೇವವಿಶ್ವಾಸಿಗಳು. ಆಕಾಶ ಭೂಮಿಗಳಲ್ಲಿ ನಿದರ್ಶನಗಳಿವೆ, ನೋಡಿ, ಆಲೋಚಿಸಿ ಎಂದು ಕರೆದವನು ಆ ನಿದರ್ಶನಗಳಲ್ಲೇ ಸುಳ್ಳು ಬರೆದಿಟ್ಟ ಎಂದು ನಾವು ಹೇಗೆ ನಂಬುವುದು? ಗಾಸ್ ಪುಸ್ತಕ ಬಂದಾಗ ಅವರ ಸ್ನೇಹಿತ, ಸ್ವತಃ ಪಾದ್ರಿಯಾಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಎತ್ತಿದ ಆಕ್ಷೇಪವೂ ಇದೇ.

ಈ ಜಗಳ ನಮ್ಮದಲ್ಲವಲ್ಲ ಎಂದು ಕೆಲವರು ಕೇಳಬಹುದು. ನಮ್ಮದೂ ಆಗುತ್ತಿದೆ. 1980ರ ದಶಕದ ಮಧ್ಯದಲ್ಲಿ ತುರ್ಕಿಯ ಶಿಕ್ಷಣ ಸಚಿವಾಲಯ ಮಾರಿಸ್ ಸ್ಥಾಪಿಸಿದ ಅಮೆರಿಕದ ಸಂಸ್ಥೆಯ ನೆರವು ಕೋರಿ, ಅದರ ಪುಸ್ತಕವನ್ನು ತುರ್ಕಿ ಭಾಷೆಗೆ ತರಿಸಿತು. ಬಳಿಕ ಹಾರೂನ್ ಯಹ್ಯಾ ಹೆಸರಿನ ಹೊಳಪು ಹಾಳೆಯ ಪುಸ್ತಕಗಳು ಲೋಕವೆಲ್ಲ ಹರಡಿದವು. ಡಾರ್ವಿನ್ ವಿರೋಧದ ಆ ಪುಸ್ತಕಗಳೂ ಪಳೆಯುಳಿಕೆಗಳಿಗೆ ಕೋಟ್ಯಂತರ ವರ್ಷದ ವಯಸ್ಸನ್ನು ನೀಡುತ್ತವೆ ಎಂಬುದು ಅವನ್ನು ಹಂಚಿದ ಬಹಳ ಮಂದಿಗೆ ಹೊಳೆಯಲೇ ಇಲ್ಲ. ಎಲ್ಲೆಲ್ಲಿಂದಲೋ ಬಂದ ವಾದಗಳನ್ನು ಒಟ್ಟಿಗೆ ಕಟ್ಟಿ, ಇದೇ ಧರ್ಮದ ನಿಲುವು ಎಂದು ಹೈಸ್ಕೂಲಿನ ಹುಡುಗ ಹುಡುಗಿಯರ ಕೈಗೆ ಕೊಟ್ಟರೆ, ಭೌತಶಾಸ್ತ್ರದ ತರಗತಿಯಲ್ಲಿ ಕುಳಿತಾಗ ಅವರು ಎರಡರಲ್ಲಿ ಒಂದನ್ನು ಬಿಡಬೇಕಾದ ಇಕ್ಕಟ್ಟಿಗೆ ಬೀಳುತ್ತಾರೆ. ಆ ಇಕ್ಕಟ್ಟನ್ನು ಅವರಿಗೆ ತಂದಿಟ್ಟದ್ದು ಧರ್ಮವೂ ಅಲ್ಲ, ವಿಜ್ಞಾನವೂ ಅಲ್ಲ. ಜೀವ ವಿಕಾಸದ ಚರ್ಚೆ ಬೇರೆ, ಅದು ನಡೆಯಲಿ. ನಕ್ಷತ್ರದ ದೂರ ಅದರೊಳಗೆ ಸೇರುವುದಿಲ್ಲ.

ಅಲ್‌ಬಿರೂನಿ ಸಾವಿರ ವರ್ಷಗಳ ಹಿಂದೆ ಇಂತಹ ಇಕ್ಕಟ್ಟಿಗೆ ಸಿಲುಕಲಿಲ್ಲ. ಯಹೂದಿಗಳ ಮತ್ತು ಕ್ರೈಸ್ತರ ಸೃಷ್ಟಿಯ ವರ್ಷಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ಅವರು ಕಾಲಗಣನೆಯ ಗ್ರಂಥದಲ್ಲಿ ತೋರಿಸಿದರು. 1025ರ ಸುಮಾರಿಗೆ ಗಝ್ನಿಯಲ್ಲಿ ಮುಗಿಸಿದ ಇನ್ನೊಂದು ಗ್ರಂಥದಲ್ಲಿ ವಂಶಾವಳಿ ಬಿಟ್ಟು ನೆಲವನ್ನು ನೋಡಿದರು. ಬಾವಿ ತೋಡುವಾಗ ಮರುಭೂಮಿಯಲ್ಲಿ ಸಿಗುವ ಚಿಪ್ಪುಗಳು, ಮಣ್ಣಿನೊಳಗೆ ಹೂತ ನುಣುಪು ಕಲ್ಲುಗಳು. ಕಲ್ಲು ಒಡೆದು, ನೀರಿನಲ್ಲಿ ಉರುಳಿ, ಸವೆದು, ಮತ್ತೆ ಹೂತುಹೋಗಲು ಎಷ್ಟು ಕಾಲ ಬೇಕೆಂದು ಯೋಚಿಸಿದರು. ಹಿಂದೂಸ್ತಾನದ ಬಯಲನ್ನು ಕಂಡು, ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳ ಹೂಳಿನಿಂದ ತುಂಬಿದ ನೆಲ ಇದು ಎಂದು ಊಹಿಸಿದ್ದೂ ಅವರೇ.

ಅಂತಹ ಕಲ್ಲುಗಳು ಹೊಳಲ್ಕೆರೆ ತಾಲ್ಲೂಕಿನಲ್ಲೇ ಇವೆ. ಗದಗದಿಂದ ಶ್ರೀರಂಗಪಟ್ಟಣದ ಕಡೆಗೆ ಹಬ್ಬಿರುವ ಚಿತ್ರದುರ್ಗದ ಶಿಲಾಪಟ್ಟಿ ಈ ತಾಲ್ಲೂಕಿನ ಮೂಲಕ ಹಾದುಹೋಗುತ್ತದೆ. ಇಂತಹ ಬಂಡೆಗಳಿಗೆ 1880ರ ದಶಕದಲ್ಲಿ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫುಟ್, ಪಾದ್ರಿ ಪೀಟರ್ ಪರ್ಸಿವಲ್ ಅವರ ಅಳಿಯ. ಚಿತ್ರದುರ್ಗದ ಆಗ್ನೇಯಕ್ಕೆ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಇದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ವಿಕಿರಣಶೀಲ ಧಾತುಗಳ ಕ್ಷಯದಿಂದ ತೆಗೆದ ಲೆಕ್ಕ ಇದು. ಕ್ಷಯದ ವೇಗ ಹಿಂದೆ ಬೇರೆ ಇದ್ದೀತು ಎನ್ನುವವರಿಗೆ 1987ರ ಆ ಕೋಬಾಲ್ಟ್ ಉತ್ತರ ಹೇಳುತ್ತದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬಳಿ ಇರುವುದು ಗುಂಡುಗಲ್ಲುಗಳು ಅಂಟಿಕೊಂಡು ಬಂಡೆಯಾದ ಕಾಂಗ್ಲೊಮರೇಟ್. ಭೂವಿಜ್ಞಾನಿಗಳು ಅದನ್ನು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ಅದರೊಳಗಿನ ಒಂದೊಂದು ಗುಂಡೂ ಅದಕ್ಕಿಂತ ಹಳೆಯ ಬೆಟ್ಟವೊಂದರಿಂದ ಕಿತ್ತುಬಂದು, ನೀರಿನಲ್ಲಿ ಉರುಳಿ ನುಣುಪಾದದ್ದು.