ಮಾನ್ಯತೆ ಗಳಿಸಿದ ಬಗೆ: ಅಹಮದಾಬಾದಿನ ಮಜೂರ್ ಮಹಾಜನ ಸಂಘ

ಕಾರ್ಮಿಕ ಸಂಘಗಳಲ್ಲಿ ಹೆಸರು ಬರೆಸಿ ತಿಂಗಳು ತಿಂಗಳೂ ಚಂದಾ ಕಟ್ಟುತ್ತ ಬಂದಿರುವ ನಮಗೆಲ್ಲ ಅಹಮದಾಬಾದಿನ ಮಜೂರ್ ಮಹಾಜನ ಸಂಘ ಹಿರಿಯರ ಮನೆಯಿದ್ದಂತೆ. 1920ರ ಫೆಬ್ರವರಿ 25ರಂದು ಹುಟ್ಟಿದ ಆ ಸಂಸ್ಥೆ ಈಗಾಗಲೇ ಶತಮಾನ ದಾಟಿದೆ. ಅದನ್ನು ನಾವು ಕೃತಜ್ಞತೆಯಿಂದ ನೆನೆಯಲು ವಿಶೇಷ ಕಾರಣವೊಂದಿದೆ. ಸಂಘ ಕಟ್ಟುವುದು ಕಷ್ಟದ ಕೆಲಸ. ಆ ಸಂಘದೊಡನೆ ಕುಳಿತು ಮಾತಾಡಲು ಮಾಲೀಕರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟದ್ದು. ಮಾನ್ಯತೆಯ ಕುರಿತು ದೇಶದಲ್ಲಿ ಒಂದೇ ಒಂದು ಕಾನೂನೂ ಇಲ್ಲದ ಕಾಲದಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ಈ ಎರಡನ್ನೂ ಸಾಧಿಸಿದರು.

ಸಂಘದ ತಾಯಿ ಅನಸೂಯಾಬೆನ್ ಸಾರಾಭಾಯಿ. 1885ರಲ್ಲಿ ಗಿರಣಿ ಮಾಲೀಕರ ಮನೆತನದಲ್ಲೇ ಹುಟ್ಟಿದವರು. ಎಳವೆಯಲ್ಲೇ ತಂದೆತಾಯಿಯರನ್ನು ಕಳೆದುಕೊಂಡರು, ಬಾಲ್ಯವಿವಾಹದ ಕಹಿಯನ್ನೂ ಉಂಡರು. ಮುಂದೆ ಓದಲೆಂದು ಇಂಗ್ಲೆಂಡಿಗೆ ಹೋಗಿ ಬಂದು, ಅಹಮದಾಬಾದಿನ ಬಡವರ ಮಕ್ಕಳಿಗೆ ಶಾಲೆ ತೆರೆದರು. ಒಂದು ಬೆಳಿಗ್ಗೆ ಹತ್ತು ಹದಿನೈದು ಮಂದಿ ಕೆಲಸಗಾರರು ಎಚ್ಚರವೇ ಇಲ್ಲದವರಂತೆ ನಡೆದುಹೋಗುವುದನ್ನು ಕಂಡು ಏನಾಯಿತೆಂದು ವಿಚಾರಿಸಿದರು. ಬಿಡುವಿಲ್ಲದೆ 36 ಗಂಟೆ ದುಡಿದು ಬರುತ್ತಿದ್ದೇವೆ ಎಂಬ ಉತ್ತರ ಬಂತು. ಅವರ ಬದುಕಿನ ದಾರಿ ತಿರುಗಿದ್ದು ಅಲ್ಲಿ. 1917ರ ಡಿಸೆಂಬರಿನಲ್ಲಿ ಹಾಸುನೂಲಿನ ವಿಭಾಗದವರು ಮುಷ್ಕರ ಹೂಡಿದಾಗ ಅವರ ಮುಂದೆ ನಿಂತವರು ಅನಸೂಯಾಬೆನ್. ಎದುರು ಪಕ್ಷದಲ್ಲಿ ಮಾಲೀಕರ ಮುಖಂಡರಾಗಿದ್ದವರು ಅವರನ್ನು ಅಕ್ಕರೆಯಿಂದ ಕಾಣುತ್ತಿದ್ದ ಸ್ವಂತ ತಮ್ಮ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಬಾಯಲ್ಲಿ ಅವರು 'ಮೋಟಾಬೆನ್', ಅಂದರೆ ದೊಡ್ಡಕ್ಕ.

1918ರ ಹೋರಾಟವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನದಕ್ಕೆಲ್ಲ ಬುನಾದಿ ಅದೇ. ಊರಿಗೆ ಪ್ಲೇಗ್ ಬಂದಾಗ ಕೆಲಸಗಾರರು ಬಿಟ್ಟು ಹೋಗಬಾರದೆಂದು ಗಿರಣಿಗಳು ನೇಕಾರರಿಗೆ ಬೋನಸ್ ಕೊಡುತ್ತಿದ್ದವು. ಕೆಲವರಿಗೆ ಅದು ಕೂಲಿಯ ಶೇ. 70ರಿಂದ 80ರಷ್ಟು ಆಗುತ್ತಿತ್ತು. ಪ್ಲೇಗ್ ಇಳಿದ ಮೇಲೆ ಬೋನಸ್ ನಿಲ್ಲಿಸುವ ಮಾತು ಬಂತು. ಆದರೆ ಯುದ್ಧಕಾಲದ ಬೆಲೆಯೇರಿಕೆ ಇಳಿದಿರಲಿಲ್ಲ. ಗಾಂಧೀಜಿ, ಶಂಕರಲಾಲ್ ಬ್ಯಾಂಕರ್ ಮತ್ತು ವಲ್ಲಭಭಾಯಿ ಪಟೇಲರು ಕಾರ್ಮಿಕರ ಪರವಾಗಿ ಪಂಚಾಯತಿಗೆ ಕುಳಿತರು. ಪಂಚಾಯತಿ ನಡುವೆಯೇ ಮುರಿಯಿತು. ಫೆಬ್ರವರಿ 22ರಂದು ಗಿರಣಿಗಳ ಬಾಗಿಲಿಗೆ ಬೀಗ ಬಿತ್ತು. ಕೂಲಿಯ ಏರಿಕೆ ಶೇ. 20 ಮಾತ್ರ ಎಂದರು ಮಾಲೀಕರು. ಲೆಕ್ಕ ಹಾಕಿ ನೋಡಿದ ಗಾಂಧೀಜಿ, ಕಾರ್ಮಿಕರು ಕೇಳುತ್ತಿದ್ದ ಶೇ. 50ನ್ನು ತಗ್ಗಿಸಿ ಶೇ. 35 ಎಂದು ನಿಗದಿ ಮಾಡಿದರು. ಮಾಲೀಕರೊಡನೆ ವಾದಿಸುವ ಮೊದಲು ತಮ್ಮವರಿಗೇ ನ್ಯಾಯದ ಅಳತೆ ಹೇಳಿದ ಈ ನಡೆ ನಮ್ಮ ಮಟ್ಟಿಗೆ ಇಡೀ ಹೋರಾಟದ ಅತಿ ದೊಡ್ಡ ಸಂಗತಿ.

ಶಾಹಪುರ ಬಾಗಿಲಿನ ಹೊರಗೆ, ಸಾಬರಮತಿಯ ದಡದ ಜಾಲಿಮರದ ಕೆಳಗೆ ದಿನವೂ ಸಾವಿರಾರು ಜನ ಸೇರುತ್ತಿದ್ದರು. ಪ್ರತಿದಿನ ಒಂದು ಕರಪತ್ರ ಹೊರಡುತ್ತಿತ್ತು, ಅದನ್ನು ಸಭೆಯಲ್ಲಿ ಓದಲಾಗುತ್ತಿತ್ತು. ಶೇ. 35 ಸಿಗುವವರೆಗೆ ಕೆಲಸಕ್ಕೆ ಮರಳುವುದಿಲ್ಲ, ಗಲಭೆ ಮಾಡುವುದಿಲ್ಲ, ಮಾಲೀಕರ ಸ್ವತ್ತಿಗೆ ಹಾನಿ ಮಾಡುವುದಿಲ್ಲ, ಯಾರನ್ನೂ ಬೈಯುವುದಿಲ್ಲ: ಇದು ಅವರ ಪ್ರತಿಜ್ಞೆ. ಮಾರ್ಚ್ 12ರಂದು ಬೀಗ ತೆಗೆದು, ಶೇ. 20ಕ್ಕೆ ಒಪ್ಪುವವರು ಒಳಗೆ ಬರಬಹುದೆಂದಾಗ ಹಸಿದ ಹೊಟ್ಟೆಗಳು ಅಲುಗಾಡಿದವು. 15ರಂದು ಗಾಂಧೀಜಿ ಉಪವಾಸಕ್ಕೆ ಕುಳಿತರು. ಆಗ ಅವರ ಆಶ್ರಮದ ನೇಯ್ಗೆ ಶಾಲೆಯ ಅಡಿಪಾಯಕ್ಕೆ ಮರಳು ತುಂಬಬೇಕಾಗಿತ್ತು. ಕೆಲಸವಿಲ್ಲದವರಿಗೆ ಆ ಕೆಲಸ ಕೊಡೋಣ ಎಂದರು ಮಗನ್‌ಲಾಲ್ ಗಾಂಧಿ. ಮೊದಲ ಬುಟ್ಟಿಯನ್ನು ತಲೆಯ ಮೇಲೆ ಹೊತ್ತವರು ಅನಸೂಯಾಬೆನ್. ಅವರ ಹಿಂದೆ ನದಿಯ ಪಾತ್ರದಿಂದ ಮರಳು ಹೊತ್ತ ನೇಕಾರರ ಸಾಲು ಮೇಲೇರಿ ಬಂತು. ಸಿರಿವಂತರ ಮನೆಯ ಹೆಣ್ಣುಮಗಳು ಹೊತ್ತ ಆ ಬುಟ್ಟಿಯನ್ನು ಕಂಡವರು ಅವರನ್ನು ತಮ್ಮವರೆಂದು ನಂಬಿದ್ದರಲ್ಲಿ ಆಶ್ಚರ್ಯವೇನಿದೆ!

ಮಾರ್ಚ್ 18ರಂದು ರಾಜಿಯಾಯಿತು. ಮೊದಲ ದಿನ ಶೇ. 35, ಎರಡನೆಯ ದಿನ ಶೇ. 20, ಅಲ್ಲಿಂದ ಪಂಚರ ತೀರ್ಪು ಬರುವವರೆಗೆ ಶೇ. 27.5. ಪಂಚರಾಗಿದ್ದ ಆಚಾರ್ಯ ಆನಂದಶಂಕರ ಧ್ರುವ ಅವರು ಅದೇ ವರ್ಷ ಆಗಸ್ಟಿನಲ್ಲಿ ಪೂರ್ಣ ಶೇ. 35ನ್ನೇ ಎತ್ತಿಹಿಡಿದರು. ಕೂಲಿಯ ಏರಿಕೆಗಿಂತ ಮಿಗಿಲಾದ ಲಾಭವೂ ಇದರಲ್ಲಿತ್ತು. ಎರಡು ಪಕ್ಷಗಳೂ ಮೂರನೆಯವರ ಮಾತಿಗೆ ತಲೆಬಾಗುವ ಪದ್ಧತಿಗೆ ಮಾಲೀಕರು ಒಪ್ಪಿಗೆ ಕೊಟ್ಟಿದ್ದರು.

ಎರಡು ವರ್ಷಗಳ ಬಳಿಕ ಸಂಘ ರೂಪುಗೊಂಡಿತು. ಮೊದಲು ಕಟ್ಟಿದ್ದು ನೂಲುವ ಥ್ರಾಸಲ್ ವಿಭಾಗದವರ ಸಂಘ ಎಂಬುದನ್ನು ಒತ್ತಿ ಹೇಳಬೇಕು. ಆ ವಿಭಾಗದಲ್ಲಿ ದುಡಿಯುತ್ತಿದ್ದವರಲ್ಲಿ ದಲಿತರು ಬಹಳ. ನೇಯ್ಗೆಯ ವಿಭಾಗದ ಬಾಗಿಲು ಅವರಿಗೆ ಮುಚ್ಚಿತ್ತು. ಎಲ್ಲರಿಗಿಂತ ಕೆಳಗಿಟ್ಟವರ ಸಂಘದ ಮೇಲೆ ಉಳಿದ ವಿಭಾಗಗಳ ಸಂಘಗಳು ಕೂಡಿಕೊಂಡು ಮಜೂರ್ ಮಹಾಜನವಾಯಿತು. ಅನಸೂಯಾಬೆನ್ ಅಧ್ಯಕ್ಷರಾದರು. 1920ರ ಏಪ್ರಿಲ್‌ನಲ್ಲಿ ಶಾಶ್ವತ ಪಂಚಾಯತಿ ಮಂಡಳಿ ಏರ್ಪಟ್ಟಿತು: ಕಾರ್ಮಿಕರ ಪರವಾಗಿ ಗಾಂಧೀಜಿ, ಗಿರಣಿ ಮಾಲೀಕರ ಸಂಘದ ಪರವಾಗಿ ಸೇಠ್ ಮಂಗಳದಾಸ್ ಗಿರಿಧರದಾಸ್. ಇಬ್ಬರಿಗೂ ಒಮ್ಮತವಾಗದಿದ್ದರೆ ಸರಪಂಚರ ತೀರ್ಪು. ಮಾನ್ಯತೆ ಎಂಬುದು ಅಂದೇ ಬಂತೆಂದು ನಾವು ಎಣಿಸುತ್ತೇವೆ. ಅದಕ್ಕೆ ಮುದ್ರೆಯೊತ್ತಿದ ಕಾಗದ ಯಾವುದೂ ಇರಲಿಲ್ಲ.

1922ರಲ್ಲಿ ಮುಂಬಯಿಯ ನ್ಯಾಷನಲ್ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕ ಗುಲ್ಜಾರಿಲಾಲ್ ನಂದಾ ಅವರು ಸಂಘಕ್ಕೆ ಬಂದರು. ಸಂಘದ ದಿನನಿತ್ಯದ ಕೆಲಸಕ್ಕೆ ಶಿಸ್ತು ಬಂದದ್ದು ಅವರಿಂದ. ಕಾರ್ಮಿಕನ ದೂರು ಸಂಘದ ಕಚೇರಿಯಲ್ಲಿ ದಾಖಲಾಗುತ್ತಿತ್ತು. ಸಂಘದ ಅಧಿಕಾರಿ ಅದನ್ನು ಗಿರಣಿಯ ವ್ಯವಸ್ಥಾಪಕರ ಬಳಿ ಒಯ್ಯುತ್ತಿದ್ದರು. ಅಲ್ಲಿ ಇತ್ಯರ್ಥವಾಗದಿದ್ದರೆ ಕಾರ್ಯದರ್ಶಿ ಮಾಲೀಕರ ಸಂಘಕ್ಕೆ. ಅಲ್ಲೂ ಆಗದಿದ್ದರೆ ಪಂಚರ ಮುಂದೆ. ದಂಡ, ಹಾಳಾದ ಬಟ್ಟೆಗೆ ಕಡಿತ, ರಜೆಯ ತಕರಾರು ಇಂಥವೇ ಹೆಚ್ಚು. ಹೊರಗಿನವರಿಗೆ ಇವು ಸಣ್ಣ ಸಂಗತಿಗಳಾಗಿ ಕಂಡಾವು. ಆದರೆ ಸಂಘದ ಮಾತಿಗೆ ಗಿರಣಿಯೊಳಗೆ ಬೆಲೆಯಿದೆ ಎಂಬುದು ಕಾರ್ಮಿಕನಿಗೆ ಮನದಟ್ಟಾಗುತ್ತಿದ್ದುದು ಈ ದೂರುಗಳಿಂದಲೇ.

ಸಂಕಟದ ದಿನಗಳೂ ಬಂದವು. 1923ರಲ್ಲಿ ಗಾಂಧೀಜಿ ಯೆರವಡಾ ಸೆರೆಮನೆಯಲ್ಲಿದ್ದಾಗ ಮಾಲೀಕರು ಕೂಲಿಯಲ್ಲಿ ಶೇ. 20 ಕಡಿತ ಸಾರಿದರು. ಪಂಚಾಯತಿ ನಿಂತುಹೋಗಿತ್ತು. ಎರಡು ತಿಂಗಳ ಮುಷ್ಕರ ಸೋಲಿನಲ್ಲಿ ಮುಗಿಯಿತು, ಸದಸ್ಯರ ಸಂಖ್ಯೆ ಕುಸಿಯಿತು. ಅನಸೂಯಾಬೆನ್, ಬ್ಯಾಂಕರ್, ನಂದಾ, ಖಂಡುಭಾಯಿ ದೇಸಾಯಿ ಮೊದಲಾದವರು ಕೈಚೆಲ್ಲದೆ ಚಾಳು ಚಾಳಿಗೆ ಹೋಗಿ ಸದಸ್ಯರನ್ನು ಮತ್ತೆ ಕೂಡಿಸಿದರು. 1929ರಲ್ಲಿ ಸರಪಂಚ ದಿವಾನ್ ಬಹದ್ದೂರ್ ಕೃಷ್ಣಲಾಲ್ ಝವೇರಿ ಅವರ ತೀರ್ಪಿನಿಂದ ಆ ಕಡಿತದ ಒಂದು ಭಾಗ ಮರಳಿತು. ಮತ್ತೊಮ್ಮೆ ಕಡಿತದ ಬೇಡಿಕೆ ಬಂದಾಗ ಪಂಚರಾಗಿದ್ದವರು ಗಾಂಧೀಜಿ ಮತ್ತು ಕಸ್ತೂರಭಾಯಿ ಲಾಲ್‌ಭಾಯಿ. ಒಮ್ಮತವಾಗದೆ ಸರಪಂಚರಾದ ಸರ್ ಗೋವಿಂದರಾವ್ ಮಡಗಾಂವಕರ್ ಅವರು ಕಾರ್ಮಿಕರ ಪಕ್ಷವನ್ನು ಎತ್ತಿಹಿಡಿದರು.

ಈ ನಡುವೆ 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದಿತ್ತು. ಏಳು ಮಂದಿ ಸೇರಿ ಅರ್ಜಿ ಹಾಕಿದರೆ ನೋಂದಣಿ ಸಿಗುತ್ತಿತ್ತು. ಆದರೆ ನೋಂದಾಯಿತ ಸಂಘದ ಪತ್ರಕ್ಕೆ ಉತ್ತರ ಬರೆಯಲೇಬೇಕೆಂಬ ಕಟ್ಟುಪಾಡು ಮಾಲೀಕರಿಗೆ ಇರಲಿಲ್ಲ. ನೋಂದಣಿ ಬೇರೆ, ಮಾನ್ಯತೆ ಬೇರೆ ಎಂಬುದನ್ನು ನಮ್ಮ ಹೊಸ ಸದಸ್ಯರು ಇಂದಿಗೂ ಮೊದಲು ಕಲಿಯಬೇಕಾದ ಪಾಠ. ಆ ಕೊರತೆಯನ್ನು ತುಂಬಿದ್ದು ಮುಂಬಯಿ ಪ್ರಾಂತ್ಯ. ಮೊದಲು 1938ರ ಕಾಯ್ದೆ, ಬಳಿಕ ನಂದಾ ಅವರು ಪ್ರಾಂತ್ಯದ ಕಾರ್ಮಿಕ ಮಂತ್ರಿಯಾಗಿದ್ದಾಗ ರೂಪುಗೊಂಡ 1946ರ ಕೈಗಾರಿಕಾ ಸಂಬಂಧಗಳ ಕಾಯ್ದೆ. ಒಂದು ಪ್ರದೇಶದ ಒಂದು ಕೈಗಾರಿಕೆಯಲ್ಲಿ ನಿಗದಿತ ಪ್ರಮಾಣದ ಸದಸ್ಯರಿರುವ ಸಂಘ 'ಪ್ರಾತಿನಿಧಿಕ ಸಂಘ'. ಮುಂದೆ ಈ ಪ್ರಮಾಣ ಶೇ. 25 ಎಂದಾಯಿತು. ಅಂಥ ಸಂಘ ಮಾಡಿಕೊಂಡ ಒಪ್ಪಂದ ಆ ಕೈಗಾರಿಕೆಯ ಎಲ್ಲ ಕಾರ್ಮಿಕರಿಗೂ ಅನ್ವಯ. ಕೂಲಿ ಬಟವಾಡೆಯ ಜಾಗದಲ್ಲೇ ಚಂದಾ ವಸೂಲಿ ಮಾಡುವ, ಗಿರಣಿಯೊಳಗೆ ಸೂಚನಾ ಫಲಕ ಹಾಕುವ ಹಕ್ಕುಗಳೂ ಕಾಯ್ದೆಯಲ್ಲಿ ಸೇರಿದವು. ಮಜೂರ್ ಮಹಾಜನ ಅಹಮದಾಬಾದಿನ ಬಟ್ಟೆ ಗಿರಣಿಗಳ ಪ್ರಾತಿನಿಧಿಕ ಸಂಘವಾಯಿತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಈ ಕಾಯ್ದೆಯನ್ನು ಮಾಡಿದ ಶಾಸನಸಭೆ ನಮ್ಮವರದೂ ಆಗಿತ್ತು. ಕೇಂದ್ರ ಸರ್ಕಾರ 1947ರಲ್ಲಿ ಇಡೀ ದೇಶಕ್ಕಾಗಿ ಮಾಡಿದ ಕಡ್ಡಾಯ ಮಾನ್ಯತೆಯ ತಿದ್ದುಪಡಿ ಮಾತ್ರ ಜಾರಿಗೆ ಬರಲೇ ಇಲ್ಲ ಎಂಬ ನೋವು ಉಳಿಯಿತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇ. 51 ಸದಸ್ಯಬಲವುಳ್ಳ ಸಂಘವನ್ನು ಏಕೈಕ ಸಂಧಾನ ಸಂಘವೆಂದು ಒಪ್ಪುವ ಮಾತಾಡುತ್ತದೆ.

ಎಂಬತ್ತರ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಸಂಘದ ಬಲವೂ ಕುಗ್ಗಿತು. ಅಷ್ಟರಲ್ಲಿ ಅದರ ಮಡಿಲಲ್ಲೇ ಇನ್ನೊಂದು ಸಂಸ್ಥೆ ಬೆಳೆದಿತ್ತು. 1955ರಲ್ಲಿ ಸಂಘದ ಕಾನೂನು ವಿಭಾಗಕ್ಕೆ ಬಂದ ಇಳಾ ಭಟ್ ಅವರು, ತಲೆಹೊರೆ ಹೊರುವ, ತರಕಾರಿ ಮಾರುವ, ಮನೆಯಲ್ಲೇ ಹೊಲಿಯುವ ಹೆಂಗಸರನ್ನು ಸೇರಿಸಿ 'ಸೇವಾ' ಸಂಘ ಕಟ್ಟಿದರು. ನಿಮ್ಮ ಮಾಲೀಕರು ಯಾರು, ಯಾರ ವಿರುದ್ಧ ನಿಮ್ಮ ಸಂಘ ಎಂದು ನೋಂದಣಿ ಕಚೇರಿ ಕೇಳಿತು. ದುಡಿಯುವವರು ತಮ್ಮ ಒಗ್ಗಟ್ಟಿಗಾಗಿ ಕೂಡುತ್ತಾರೆ, ಯಾರ ವಿರುದ್ಧವೋ ಕೂಡಬೇಕಾಗಿಲ್ಲ ಎಂದು ವಾದಿಸಿ, 1972ರ ಏಪ್ರಿಲ್‌ನಲ್ಲಿ ಅವರು ನೋಂದಣಿ ಪಡೆದರು. ಅದೇ ವರ್ಷ ಅನಸೂಯಾಬೆನ್ ತೀರಿಕೊಂಡರು. 1981ರಲ್ಲಿ ತಾಯಿ ಸಂಘದಿಂದ ಬೇರೆಯಾದ ಮೇಲೂ ಸೇವಾ ತನ್ನ ಕಾಲ ಮೇಲೆ ನಿಂತಿತು. ಮನೆಯಲ್ಲಿ ಕುಳಿತು ದುಡಿಯುವವರೂ ಕಾರ್ಮಿಕರೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಅಂಗೀಕರಿಸಿದ 177ನೆಯ ಒಡಂಬಡಿಕೆಯ ಹಿಂದೆ ಆ ಹೆಂಗಸರ ಶ್ರಮವಿದೆ.